ಭತ್ತ ಕಡಿಯುವ ಹಲ್ಲು

೫ ಅಕ್ಟೋಬರ್ ೧೯೫೯, ಸೋಮವಾರ. ಅಕ್ಕಿಆಲೂರು

ಗೊಬ್ಬರದ ಏಜಂಟ ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಒಂಬತ್ತು ತಿಂಗಳು ಗೋಡೆಯ ಮಾಡದಲ್ಲಿ ಖಾಲಿ ಬಿದ್ದಿತ್ತು. ಇಂದು ಅದರ ಧೂಳು ಕೊಡವಲು ಕಾರಣವಿದೆ. ಬಾಯಿಬಿಟ್ಟು ಯಾರಿಗೂ ಹೇಳಲಾಗದ ಒಂದು ಸಂಗತಿ ನಡೆದಿದೆ, ಅದು ನಡೆದಿರುವುದೂ ಬಾಯಿಯಲ್ಲಿಯೇ.

ನನ್ನ ಕೆಳಗಿನ ಸಾಲಿನ ಮುಂದಿನ ನಾಲ್ಕು ಹಲ್ಲು ಅಲುಗುತ್ತಿವೆ.

ಬೇರೆಯವರ ಹಲ್ಲು ಅಲುಗಿದರೆ ಅದು ಅವರ ಮನೆಯ ವಿಷಯ. ಹುಚ್ಚಪ್ಪನ ಹಲ್ಲು ಅಲುಗಿದರೆ ಊರಿನ ವಿಷಯ. ಹದಿನೆಂಟು ವರ್ಷದಿಂದ ಉಳಿವೆಪ್ಪ ಸಾವುಕಾರರ ಅಕ್ಕಿ ಗಿರಣಿಗೆ ಬರುವ ಪ್ರತಿ ಬಂಡಿ ಭತ್ತವನ್ನು ಕಡಿದು ನೋಡುವವನು ನಾನು. ಚೀಲದ ತಳಕ್ಕೆ ಕೈ ಹಾಕಿ, ಕಾಳು ತೆಗೆದು, ಸಿಪ್ಪೆ ಸುಲಿದು, ಮುಂದಿನ ಹಲ್ಲಿನಲ್ಲಿಟ್ಟು ಒತ್ತುತ್ತೇನೆ. ಕಟ್ ಎಂದರೆ ಒಣಗಿದೆ, ಬಂಡಿ ಒಳಗೆ. ಮೆತ್ತಗಾದರೆ ಹಸಿ, ಬಂಡಿ ತಿರುಗಿ ಊರಿಗೆ, ಕಾಳು ಮತ್ತೆ ಎರಡು ದಿನ ಕಣದ ಬಿಸಿಲಿಗೆ. ಹಸಿ ಭತ್ತ ಗಿರಣಿಗೆ ಹೋದರೆ ಅಕ್ಕಿಯ ಬದಲು ನುಚ್ಚು ಬೀಳುತ್ತದೆ. ಧಾರವಾಡದ ಕೋರ್ಟಿನ ತೀರ್ಪಿನ ಮೇಲೆ ಅಪೀಲು ಹೋಗಬಹುದು, ನನ್ನ ಹಲ್ಲಿನ ತೀರ್ಪಿಗೆ ಆ ಸೌಕರ್ಯವಿಲ್ಲ.

ಅಂಥ ನ್ಯಾಯಾಧೀಶ ಇಂದು ಗಿರಣಿಯ ಅಂಗಳದಲ್ಲಿ ಉಗುಳಿದಾಗ ಸಾವುಕಾರರು ಬಗ್ಗಿ ನೋಡಿದರು.

"ಏನಲೇ ಹುಚ್ಚಪ್ಪ, ಎಲಿ ಅಡಿಕಿ ಕೆಂಪೋ, ರಗತದ ಕೆಂಪೋ?"

"ಎಲಿರೀ ಸಾವುಕಾರ್ರ."

"ಮುಂಜಾನಿಂದ ನನ್ನ ಎದುರಿಗೆ ಕುಂತಿ, ಒಂದು ಎಲಿನೂ ಹಾಕ್ಕೊಂಡಿಲ್ಲ. ಸುಗ್ಗಿ ಬರೋದ್ರಾಗ ಬಾಯಿ ನೆಟ್ಟಗ ಮಾಡ್ಕೋ. ಇಲ್ಲಂದ್ರ ನಾ ಬ್ಯಾರೆ ಹಲ್ಲು ಹುಡುಕಬೇಕಾಗತೈತಿ ನೋಡು."

ಬೇರೆ ಮನುಷ್ಯನನ್ನು ಹುಡುಕುತ್ತೇನೆ ಎನ್ನಲಿಲ್ಲ. ಬೇರೆ ಹಲ್ಲು ಎಂದರು. ಇಷ್ಟು ವರ್ಷ ಅವರು ಇಟ್ಟುಕೊಂಡದ್ದು ಯಾರನ್ನು ಎಂಬುದು ಇಂದು ಸ್ಪಷ್ಟವಾಯಿತು.

೭ ಅಕ್ಟೋಬರ್, ಬುಧವಾರ

ಎರಡು ದಿನದಲ್ಲಿ ನಡೆದ ಚಿಕಿತ್ಸೆಗಳು: ಉಪ್ಪು. ಉಪ್ಪು, ಅರಿಶಿಣ. ಬೇವಿನ ಕಡ್ಡಿ. ಒಂದು ಲವಂಗ. ಅದು ಸಾಲದೆ ಆರು ಲವಂಗ. ತಂಬಾಕು ಸುಣ್ಣ ಮಾತ್ರ ಬಿಟ್ಟಿಲ್ಲ. ಇಂಥ ಕಷ್ಟಕಾಲದಲ್ಲಿ ಮನುಷ್ಯನಿಗೆ ಒಂದು ಆಧಾರ ಬೇಕು.

ಮನೆಯವಳು ದುರಗವ್ವ ಕಡಕ್ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡುತ್ತ ಹೇಳಿದಳು: "ಶಿಗ್ಗಾಂವಿಗೆ ಹುಬ್ಬಳ್ಳಿಂದ ಹಲ್ಲಿನ ಡಾಕ್ಟರ್ ಬರ್ತಾರಂತ, ಬೇಸ್ತವಾರಕ್ಕೊಮ್ಮೆ. ನಾಳೆ ಹೋಗಿ ಬರ್ರಿ."

"ನಾಳೆ ಗಿರಣಿ ಐತಿ."

"ಎಂಜಿನ್ ಬಿಚ್ಚಿ ರಿಪೇರಿಗೆ ಹಾಕ್ಯಾರ. ಗಿರಣ್ಯಾಗ ಗುಬ್ಬಿ ಬಿಟ್ರ ಯಾರೂ ಇಲ್ಲ. ಅಂಜಿಕಿ ಆಗೈತಿ ಅನ್ರಿ."

ನನಗೆ ಅಂಜಿಕೆ ಇಲ್ಲ. ಜ್ಞಾಪಕ ಇದೆ, ಅಷ್ಟೆ. ಹತ್ತು ವರ್ಷದವನಿದ್ದಾಗ ನಮ್ಮಪ್ಪ ಹಲ್ಲುನೋವೆಂದು ಅಬಲೂರಿನಿಂದ ಹಿರೇಕೆರೂರಿಗೆ ಕರೆದೊಯ್ದ. ಅಲ್ಲಿ ಒಬ್ಬ ಕಮ್ಮಾರ, ಅವನ ಇಕ್ಕಳ, ನನ್ನ ಕಾಲ ಮೇಲೆ ಕುಳಿತ ಇಬ್ಬರು ಗೃಹಸ್ಥರು. ಕಮ್ಮಾರ ಮೊದಲು ಗಟ್ಟಿಯಾದ ಹಲ್ಲು ಕಿತ್ತ. ತಪ್ಪು ತಿಳಿದ ಮೇಲೆ ನೊಂದುಕೊಂಡು, ನೋಯುತ್ತಿದ್ದದ್ದನ್ನೂ ಕಿತ್ತ. ಸಜ್ಜನ.

೮ ಅಕ್ಟೋಬರ್, ಗುರುವಾರ

ಹೋಗಿ ಬಂದೆ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಶಿಗ್ಗಾಂವಿ. ಮೊದಲು ಸವಣೂರು ವೀಳ್ಯದೆಲೆಯ ಗೋದಾಮಾಗಿದ್ದ ಒಂದು ಕೋಣೆ. ಗೋಡೆಗೆ ಇನ್ನೂ ಎಲೆಯ ವಾಸನೆ ಇದೆ. ಬಾಗಿಲ ಮೇಲಿನ ಹಲಗೆ ನೋಡಿ ಬಸ್ ಸ್ಟ್ಯಾಂಡಿನ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟೆ: ಹಲ್ಲಿನ ಡಾಕ್ಟರರ ಹೆಸರು ಗುದ್ದಲಿಯ ನೆನಪು ತರುವ ಡಾ. ಗುದ್ಲೆಪ್ಪ!

ಆದರೆ ಒಳಗಿದ್ದ ಗುದ್ಲೆಪ್ಪನವರು ಅರವತ್ತರ ಸಣಕಲು ಮನುಷ್ಯ, ಮಾತು ಬಹಳ ನಿಧಾನ. ಪಕ್ಕದಲ್ಲಿ ಕಂಪೌಂಡರಿಣಿ ಹಾಜರಾಬಿ, ಸವಣೂರಿನವಳು, ತಲೆಯ ಮೇಲೆ ಬಿಳಿ ಸೆರಗು. ಕನ್ನಡಿ ಹಾಕಿ ಬಾಯಿಯೆಲ್ಲ ನೋಡಿದ ಡಾಕ್ಟರರು ಹೇಳಿದರು:

"ಇವು ಕೀಳೋ ಹಲ್ಲಲ್ಲ. ತಂಬಾಕು ಸುಣ್ಣ ಸೇರಿ ಕಿಟ್ಟ ಕಟ್ಟೈತಿ, ಗ್ವಾಡಿಗೆ ಗಾರಿ ಗಿಲಾಯಿ ಮಾಡಿದಂಗ. ಅದಕ್ಕ ಅಂಜಿ ವಸಡು ಹಿಂದ ಸರದಾವ. ಕಿಟ್ಟ ಕೆರದು ತಗದ್ರ ವಸಡು ಮತ್ತ ಬಿಗಿ ಹಿಡೀತಾವ. ಮೂರು ಸಲ ಬರಬೇಕು. ತಂಬಾಕು ಬಿಡಬೇಕು."

ನಾನು ಕೇಳಿದೆ: "ಕೆರಿಯೋ ಮುಂದ ನೋವಿಗೆ ಏನರ ಕೊಡ್ತೀರೇನ್ರಿ? ನನಗಲ್ಲರಿ. ನಮ್ಮ ಓಣ್ಯಾಗ ಒಬ್ಬಾಂವ ಅದಾನ, ಭಾಳ ಅಂಜುಬುರಕ. ಅವಂಗ ಹೇಳಾಕ ಬೇಕು."

ಹಾಜರಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಡಾಕ್ಟರರು ನಗಲಿಲ್ಲ.

"ನಿಮ್ಮ ಓಣಿಯವರಿಗೆ ಹಿಂಗ ಹೇಳ್ರಿ. ಸಣ್ಣ ನೋವಿಗೆ ಲವಂಗದ ಎಣ್ಣಿ ಐತಿ. ಅದರ ಮ್ಯಾಲ ಜೋಮು ಹಿಡಿಸೋ ಮುಲಾಮು ಐತಿ, ವಸಡಿನ ಮ್ಯಾಲ್ಮ್ಯಾಲೆ ಮರಗಟ್ಟತೈತಿ. ಆಳಕ್ಕ ಕೆರೀಬೇಕಂದ್ರ ಸಣ್ಣ ಸೂಜಿ. ಸ್ವಲ್ಪ ಹೊತ್ತಿನ್ಯಾಗ ಆ ಕಡೆ ಬಾಯಿಗೆ ತನ್ನ ಹೆಸರ ಮರ್ತು ಹೋಗತೈತಿ. ನೋವಿಗಿಂತ ಅಂಜಿಕಿನ ದೊಡ್ಡದಿದ್ರ ಬ್ರೋಮೈಡ ಅಂತ ಕುಡಿಯೋ ಔಷಧ, ಎದಿ ಸಮಾಧಾನ ಆಗತೈತಿ."

"ಪೂರಾ ನಿದ್ದಿ ಮಾಡಸೋ ಗ್ಯಾಸ್ ಇರತೈತಂತಲ್ರಿ? ಅವ ಕೇಳತಿದ್ದ."

"ಐತಿ, ದೊಡ್ಡ ದವಾಖಾನ್ಯಾಗ, ದೊಡ್ಡ ಕೆಲಸಕ್ಕ. ಅಂಗಳ ಸಾರ್ಸಾಕ ಯಾರರ ಊರು ಖಾಲಿ ಮಾಡಸ್ತಾರೇನ್ರಿ?"

ಬ್ರೋಮೈಡಿನ ಚೀಟಿ ಬರೆದುಕೊಟ್ಟರು. ಹಾನಗಲ್ಲಿನ ಔಷಧದಂಗಡಿಯಲ್ಲಿ ಮಾಡಿಸಿ ತರಬೇಕು, ಇಲ್ಲಿಗೆ ಬಂದ ಮೇಲೆ ಅವರ ಮುಂದೆಯೇ ಕುಡಿಯಬೇಕು, ಹೊಟ್ಟೆ ಹಗುರಾಗಿರಬೇಕು. ನಮ್ಮ ಓಣಿಯವನ ಪರವಾಗಿ ಚೀಟಿ ತೆಗೆದುಕೊಂಡೆ.

೧೫ ಅಕ್ಟೋಬರ್, ಗುರುವಾರ

ಬ್ರೋಮೈಡಿನ ಬಗ್ಗೆ ನನ್ನ ಅನುಭವವನ್ನು ಮುಂದಿನ ಪೀಳಿಗೆಗಾಗಿ ಬರೆದಿಡುತ್ತೇನೆ.

ಹಾನಗಲ್ಲಿನಲ್ಲಿ ಬಾಟಲಿ ಮಾಡಿಸಿಕೊಂಡೆ. ಮುಂದಿನ ಬಸ್ಸಿಗೆ ಒಂದು ತಾಸಿತ್ತು. ಅಲ್ಲಿಯೇ ಇರುವ ಅಕ್ಕ ಸಾವಂತ್ರವ್ವನ ಮನೆಗೆ ಹೋಗದೆ ಬಸ್ ಸ್ಟ್ಯಾಂಡಿನಲ್ಲಿ ಕುಳಿತರೆ, ಸುದ್ದಿ ಮುಟ್ಟಿದ ಮೇಲೆ ನನಗೆ ಹಲ್ಲಷ್ಟೇ ಅಲ್ಲ, ಸಂಬಂಧವೂ ಉಳಿಯುವುದಿಲ್ಲ. ಹೋದೆ. ಒಲೆಯ ಮೇಲೆ ಕುಚ್ಚಿದ ಕಡುಬು.

"ಅಕ್ಕಾ, ಹೊಟ್ಟಿ ಹಗುರ ಇರಬೇಕಂತ ಡಾಕ್ಟರ್ ಹೇಳ್ಯಾರ."

"ಡಾಕ್ಟರೇನು ನಿಮ್ಮಕ್ಕನ? ದವಾಖಾನಿಗೆ ಹೊಂಟಾಂವ ನನ್ನ ಹೊಸ್ತಲ ದಾಟಿ ಹಸದ ಹೊಟ್ಟಿಲೆ ಹೋದ ಅಂದ್ರ ಮಂದಿ ನನಗೇನಂದಾರು? ಕುಂದ್ರು."

ನಾಲ್ಕು ಕಡುಬು. ನಾಲ್ಕು ಎಂಬುದು ಕೆಟ್ಟ ಸಂಖ್ಯೆಯೆಂದು ಐದನೆಯದು. ಮೇಲೆ ತುಪ್ಪ. ಆಗ ಆಕೆಯ ಕಣ್ಣು ಬಾಟಲಿಯ ಮೇಲೆ ಬಿತ್ತು.

"ಔಷಧ ಊಟ ಆದ ಕೂಡಲೇ ತಗೋಬೇಕು. ನನ್ನ ಕಣ್ಣ ಮುಂದ ಕುಡಿ, ನನಗೂ ಸಮಾಧಾನ."

ಕುಡಿದೆ. ಅಕ್ಕನಿಗೆ ಸಮಾಧಾನವಾಯಿತು. ಬಸ್ಸು ಹತ್ತಿದ ಮೇಲೆ ನನಗೂ ಆಯಿತು. ಕಡುಬು, ತುಪ್ಪ, ಬ್ರೋಮೈಡು ಮತ್ತು ಆ ರಸ್ತೆಯ ತೂಗಾಟ, ನಾಲ್ಕೂ ಸೇರಿ ಒಂದಾದವು. ಕಣ್ಣು ಬಿಟ್ಟಾಗ ತೊಡೆಯ ಮೇಲೆ ಯಾರದೋ ಎಲೆಯ ಬುಟ್ಟಿ, ಮುಂದೆ ಕಂಡಕ್ಟರ.

"ಇಳೀರಿ ಯಜಮಾನ್ರ, ಸವಣೂರು. ಶಿಗ್ಗಾಂವ್ಯಾಗ ಮೂರು ಸಲ ಎಬ್ಬಿಸಿದೆ. 'ಹಸಿ, ತಿರುಗಸ್ರಿ ಬಂಡಿ' ಅಂದು ಮತ್ತ ಮಲಗಿದ್ರಿ."

ತಿರುಗಿ ಬರುವಾಗ ಗೋದಾಮಿನ ಬಾಗಿಲಿಗೆ ಬೀಗ ಬಿದ್ದಿತ್ತು. ಬ್ರೋಮೈಡು ನಿಜಕ್ಕೂ ಒಳ್ಳೆಯ ಔಷಧ. ಸವಣೂರು ನೋಡುವ ಅಂಜಿಕೆ ನನಗೀಗ ಒಂದಿಷ್ಟೂ ಇಲ್ಲ.

೨೨ ಅಕ್ಟೋಬರ್, ಗುರುವಾರ

ಇಂದು ಅಕ್ಕನ ಮನೆಯ ಓಣಿ ಬಿಟ್ಟು ಸುತ್ತು ಹಾಕಿ ಬಸ್ಸು ಹಿಡಿದೆ. ಶಿಗ್ಗಾಂವಿಯಲ್ಲಿಯೇ ಇಳಿದೆ. ಕಬ್ಬಿಣದ ಕುರ್ಚಿಯ ಮೇಲೆ ಒರಗಿದೆ. ಹಾಜರಾಬಿ ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ವಸಡಿಗೆ ಹಚ್ಚಿ, ಮೇಲೆ ಮುಲಾಮು ಸವರಿದಳು. "ಅಣ್ಣಾ, ಮ್ಯಾಲ ಹೆಂಚು ಎಣಸ್ರಿ. ಇಲ್ಲಿತನಕ ಯಾರೂ ಪೂರಾ ಎಣಿಸಿಲ್ಲ."

ಆಮೇಲೆ ಡಾಕ್ಟರರು ಕೊಕ್ಕಿಯಂಥ ಉಪಕರಣ ತೋರಿಸಿ ಒಂದು ಮಾತು ಹೇಳಿದರು.

"ನಿಮ್ಮ ಎಡಗೈ ನಿಮ್ಮ ಕಡೆ ಇರಲಿ. ಯಾವಾಗ ಎತ್ತಿದ್ರೂ ನಾ ನಿಲ್ಲಸ್ತೇನಿ. ಯಾಕಂತ ಕೇಳಾಂಗಿಲ್ಲ."

ನಾನು ನಂಬಲಿಲ್ಲ. ಕೊಕ್ಕಿ ಹಲ್ಲಿಗೆ ತಗಲುವ ಮೊದಲೇ ಎತ್ತಿದೆ. ನಿಲ್ಲಿಸಿದರು. ಇಳಿಸಿದೆ. ಮತ್ತೆ ಎತ್ತಿದೆ. ನಿಲ್ಲಿಸಿದರು. ಹೀಗೆ ಮೊದಲ ಐದು ಸಲ ಎತ್ತಿದ್ದು ಬರಿ ಪರೀಕ್ಷೆಗೆ. ಐದೂ ಸಲ ಅವರು ಕೈ ಹಿಂದೆಗೆದು, ಸುಮ್ಮನೆ ಕಿಟಕಿಯಾಚೆ ನೋಡುತ್ತ ಕುಳಿತರು.

ನನಗೆ ನಲವತ್ತಾರು ವರ್ಷ. ನಾನು ಕೈ ಎತ್ತಿದರೆ ಅಕ್ಕಿಆಲೂರಿನ ಬಸ್ಸು ನಿಲ್ಲುವುದಿಲ್ಲ. ಸಾವುಕಾರರ ಮಾತು ನಿಲ್ಲುವುದಿಲ್ಲ. ದುರಗವ್ವನದಂತೂ ಬಿಡಿ. ಓದಿದ ಮನುಷ್ಯನೊಬ್ಬ, ಕೈಯಲ್ಲಿ ಆಯುಧ ಹಿಡಿದವನು, ನಾನು ಎತ್ತಿದ ಕೈಗೆ ನಿಂತ.

ಆರನೆಯ ಸಲದಿಂದ ನೋವಿಗೆ ಎತ್ತಿದೆ. ಎಲ್ಲ ಸೇರಿ ಹನ್ನೊಂದು ಸಲ. ಪ್ರತಿ ಹಲ್ಲಿಗೂ ಮೊದಲೇ ಹೇಳುತ್ತಿದ್ದರು: "ಈಗ ಬರೇ ಕರ್ ಅನ್ನತೈತಿ. ಈಗ ಚುರ್ ಅಂತೈತಿ, ಮೂರು ಎಣಿಸೋದ್ರಾಗ ಹೋಗತೈತಿ." ಹೇಳಿದಂತೆಯೇ ಆಗುತ್ತಿತ್ತು. ಮೂರು ಎಂದರೆ ಮೂರೇ.

ಮೇಲಿನ ಸಾಲು ಮುಗಿಯಿತು. ಹೆಂಚು ನೂರಾ ಹದಿನಾಲ್ಕರ ತನಕ ಎಣಿಸಿದೆ. ದುರಗವ್ವನಿಗೆ "ಕೈ ಎತ್ತಲೇ ಇಲ್ಲ" ಎಂದು ಹೇಳಿದ್ದೇನೆ.

೨೭ ಅಕ್ಟೋಬರ್, ಮಂಗಳವಾರ

ತಂಬಾಕು ಬಿಟ್ಟು ಐದನೆಯ ದಿನ. ದುರಗವ್ವನ ಮೇಲೆ ಎರಡು ಸಲ, ಬೆಕ್ಕಿನ ಮೇಲೆ ಒಂದು ಸಲ ಕೂಗಾಡಿದೆ. ಬೆಕ್ಕು ಮಾತ್ರ ತಿರುಗಿ ಮಾತಾಡಲಿಲ್ಲ.

೫ ನವೆಂಬರ್, ಗುರುವಾರ

ಇಂದು ಸೂಜಿ. ಕೆಳಗಿನ ಸಾಲಿನ ಕಿಟ್ಟ ವಸಡಿನ ಒಳಗೆ ಇಳಿದಿದೆಯಂತೆ, ಮುಲಾಮು ಅಷ್ಟು ಆಳಕ್ಕೆ ಹೋಗುವುದಿಲ್ಲ. ಸೂಜಿ ಕಂಡೊಡನೆ ಎಡಗೈ ತಾನೇ ಎದ್ದಿತು. ಗುದ್ಲೆಪ್ಪನವರು ಸೂಜಿಯನ್ನು ತಟ್ಟೆಯಲ್ಲಿಟ್ಟು, ಹುಬ್ಬಳ್ಳಿಯಲ್ಲಿ ಚಳಿ ಶುರುವಾಗಿದೆ ಎಂದು ಹೇಳಿದರು. ನಾನು ಅಕ್ಕಿಆಲೂರಿನಲ್ಲಿಯೂ ಶುರುವಾಗಿದೆ ಎಂದೆ. ಕೈ ಇಳಿಸಿದೆ. ಇರುವೆ ಕಚ್ಚಿದಂತಾಯಿತು. ದೊಡ್ಡ ಇರುವೆ, ಆದರೆ ಇರುವೆಯೇ.

ಕೆಳತುಟಿ ಪರರ ಸ್ವತ್ತಾಯಿತು. ಡಾಕ್ಟರರು ಅರ್ಧ ತಾಸು ಕೆರೆದರು. ಸಪ್ಪಳ ಕೇಳಿದೆ, ನೋವು ಕಾಣಲಿಲ್ಲ. ಪಕ್ಕದ ಓಣಿಯಲ್ಲಿ ಯಾರದೋ ಮನೆ ಕೆಡವುತ್ತಿದ್ದಂತಿತ್ತು.

"ಜೋಮು ಇಳಿಯೋ ತನಕ ಏನೂ ಕಡೀಬ್ಯಾಡ್ರಿ," ಎಂದು ಮೂರು ಸಲ ಹೇಳಿ ಕಳಿಸಿದರು.

ಬಸ್ಸಿಳಿದು ಗಿರಣಿಯ ಮುಂದೆ ಹಾಯುವಾಗ ಸಾವುಕಾರರು ಕೂಗಿದರು. ಧರ್ಮಾ ಹೊಳೆಯಾಚೆಯ ಹಳ್ಳಿಯ ಚೌಡವ್ವ ತನ್ನ ಎರಡೆಕರೆಯಲ್ಲಿ ಸುಗ್ಗಿಗೂ ಮೊದಲೇ ಕೊಯ್ದ ಭತ್ತ ತಂದಿದ್ದಳು. ಗಂಡ ಸತ್ತ ಮೇಲೆ ಬಂಡಿಯನ್ನು ತಾನೇ ಹೊಡೆದುಕೊಂಡು ಬರುವ ಹೆಂಗಸು. ಬಾಯಿಗೆ ಜೋಮು ಹಿಡಿದಿದೆ ಎಂದರೆ ಸಾವುಕಾರರು ಬೇರೆ ಹಲ್ಲು ಹುಡುಕಿಯಾರು. ಕಾಳು ತೆಗೆದೆ, ಒತ್ತಿದೆ. ಏನೂ ಗೊತ್ತಾಗಲಿಲ್ಲ. ಕಾಳು ಬಾಯಿಯಲ್ಲಿದೆಯೋ ಕೆಳಗೆ ಬಿದ್ದಿದೆಯೋ ಅದೂ ಗೊತ್ತಾಗಲಿಲ್ಲ.

"ಹಸಿ," ಎಂದೆ.

ಚೌಡವ್ವ ಹಗ್ಗ ಬಿಗಿ ಹಿಡಿದು ನಿಂತಳು. "ಹೋದ ವರ್ಷನೂ ಎರಡು ಸಲ ಹಿಂಗ ಅಂದಿ ಹುಚ್ಚಪ್ಪ. ನಾ ಮನ್ಯಾಗ ಕಡದು ನೋಡೇ ತಂದೇನಿ. ಇನ್ನೊಂದು ಕಾಳು ನೋಡಪಾ."

"ನಿನ್ನ ಹಲ್ಲು ಗಿರಣಿ ಹಲ್ಲಲ್ಲ, ಚೌಡವ್ವ."

ಬಂಡಿ ತಿರುಗಿತು. ಊಟ ಸೇರಲಿಲ್ಲ. ತುಟಿಯ ಜೋಮು ಕಾರಣವಿರಬೇಕು.

೬ ನವೆಂಬರ್, ಶುಕ್ರವಾರ

ಜೋಮು ಇಳಿದಿದೆ. ಬೆಳಿಗ್ಗೆ ಗಿರಣಿಯ ಅಂಗಳದಲ್ಲಿ ಚೌಡವ್ವನ ಬಂಡಿಯಿಂದ ಚೆಲ್ಲಿದ ಕಾಳು ಬಿದ್ದಿತ್ತು. ದವಡೆಯಲ್ಲಿಟ್ಟು ಒತ್ತಿದೆ.

ಕಟ್.

ರಾತ್ರಿಯಲ್ಲಿ ಒಣಗಿರಬೇಕು ಎಂದುಕೊಂಡೆ. ರಾತ್ರಿ ಇಬ್ಬನಿ ಬಿದ್ದಿತ್ತು.

೧೯ ನವೆಂಬರ್, ಗುರುವಾರ

ಮೂರನೆಯ ಮತ್ತು ಕೊನೆಯ ಸಲ. ಲವಂಗದ ಎಣ್ಣೆ, ಮುಲಾಮು, ಇಷ್ಟೇ ಸಾಕಾಯಿತು. ಎರಡೇ ಸಲ ಕೈ ಎತ್ತಿದೆ, ಅದರಲ್ಲಿ ಒಂದು ಸೀನು ಬಂದದ್ದಕ್ಕೆ. ಡಾಕ್ಟರರು ಮುಂದಿನ ಹಲ್ಲುಗಳನ್ನು ಬೆರಳಿನಿಂದ ಅಲುಗಿಸಿ ನೋಡಿದರು, ಅಲುಗಲಿಲ್ಲ. ನಿಜ ಹೇಳಬೇಕೆಂದರೆ ಅಲುಗಿದವು, ಆದರೆ ಒಳ್ಳೆಯ ಮನೆತನದ ಹಲ್ಲು ಅಲುಗುವಷ್ಟು.

"ಡಾಕ್ಟರ್ರ, ಒಂದು ಮಾತು. ಇವು ಗಿರಣ್ಯಾಗ ಭತ್ತ ಕಡದು ನೋಡೋ ಹಲ್ಲು. ಹೋದ ವರ್ಷಿಂದ ಇವು ನನಗ ನೆಟ್ಟಗ ಹೇಳತಿದ್ದಿಲ್ಲೇನ್ರಿ?"

"ಅಲುಗೋ ಹಲ್ಲಿಗೆ ಎಲ್ಲಾನೂ ಮೆತ್ತಗ, ಹುಚ್ಚಪ್ಪ. ಕಲ್ಲಿಟ್ಟು ಒತ್ತಿದ್ರೂ ಹಲ್ಲ ಜಗ್ಗತೈತಿ, ನಮಗ ಕಲ್ಲು ಜಗ್ಗಿದಂಗ ಅನಸತೈತಿ."

ಏಳುವಾಗ ಕೇಳಿದರು: "ನಿಮ್ಮ ಓಣಿಯವರು ಹೆಂಗದಾರ?"

"ನಮ್ಮ ಓಣ್ಯಾಗ ಯಾರೂ ಇಲ್ರಿ. ಅಂವ ನಾನ."

"ಹೌದೇನು?" ಎಂದು ಬಹಳ ಆಶ್ಚರ್ಯಪಟ್ಟರು. ಹಾಜರಾಬಿಯೂ ಪಟ್ಟಳು. ಇಷ್ಟು ಮರ್ಯಾದಸ್ಥರನ್ನು ನಾನು ಎಲ್ಲಿಯೂ ಕಂಡಿಲ್ಲ.

೧೪ ಡಿಸೆಂಬರ್, ಸೋಮವಾರ

ಸುಗ್ಗಿ ಶುರು. ಮೊದಲ ದಿನವೇ ಗಿರಣಿಯ ಮುಂದೆ ಹತ್ತೊಂಬತ್ತು ಬಂಡಿ. ನಾಲ್ಕು ಹಲ್ಲೂ ಅಳುಕಲಿಲ್ಲ. ಆದರೆ ಸಾಲು ಯಾಕೋ ಈ ವರ್ಷ ಬಹಳ ನಿಧಾನ ಸಾಗುತ್ತದೆ. ಯಾರಾದರೂ "ಇನ್ನೊಮ್ಮೆ ನೋಡ್ರಿ" ಎಂದು ಕೈ ಎತ್ತುತ್ತಾರೆ, ಇನ್ನೊಂದು ಚೀಲದ ಕಾಳು ತೆಗೆಯಬೇಕಾಗುತ್ತದೆ. ಮಂದಿಗೆ ಮೊದಲು ಈ ಚಟ ಇರಲಿಲ್ಲ. ಸಾವುಕಾರರು ಎರಡು ಸಲ ಗಡಿಯಾರ ನೋಡಿದರು. ಗಿರಣಿಯಿಂದ ಬಿದ್ದ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡಿದ ಮೇಲೆ ಗಡಿಯಾರ ನೋಡಲಿಲ್ಲ. ನುಚ್ಚೇ ಇರಲಿಲ್ಲ.

"ಬೇಷ್. ಹಲ್ಲು ನೆಟ್ಟಗಾಗ್ಯಾವ," ಎಂದರು. ಕೆಲಸ ಉಳಿಯಿತು. ಅಲ್ಲಿಗೆ ಮುಗಿಸಬಹುದಾಗಿತ್ತು.

ಹದಿನಾಲ್ಕನೆಯ ಬಂಡಿ ಚೌಡವ್ವನದು. ನನ್ನ ಮುಖ ನೋಡಲಿಲ್ಲ. ಎತ್ತುಗಳನ್ನು ತಿರುಗಿಸಲು ತಯಾರಾಗಿಯೇ ನಿಂತಿದ್ದಳು. ಕಡಿದೆ. ಕಟ್.

"ಒಣಗೈತಿ," ಎಂದೆ. ಆಮೇಲೆ ಬಾಯಿ ತಾನೇ ಮುಂದುವರಿಯಿತು. "ಹೋದ ತಿಂಗಳದ್ದೂ ಒಣಗಿತ್ತು ಚೌಡವ್ವ. ಹೋದ ವರ್ಷದ್ದೂ ಒಣಗಿರಬೇಕು. ನನ್ನ ಹಲ್ಲು ಅಲುಗತಿದ್ದವು. ಸುಳ್ಳ ಹೇಳಿದವು."

ಗಿರಣಿ ಬಾಗಿಲಲ್ಲಿ ಸಾವುಕಾರರು ಹಾಗೇ ನಿಂತರು.

ಚೌಡವ್ವ ಸೊಂಟದ ಮೇಲೆ ಕೈ ಇಟ್ಟಳು. "ನಿನ್ನ ಹಲ್ಲು ಸುಳ್ಳ ಹೇಳತಿದ್ದವು, ಖರೆ. ನಿನ್ನ ಬಾಯಿ ಏನು ಮಾಡತಿತ್ತು?"

ಆ ಪ್ರಶ್ನೆಯನ್ನು ಹಾಗೇ ಇಲ್ಲಿ ಬರೆದಿಟ್ಟಿದ್ದೇನೆ. ಸಾವುಕಾರರು ನನ್ನನ್ನು ನೋಡಿದರು, ಬಂಡಿಗಳ ಸಾಲು ನೋಡಿದರು, ಅಂಗೈಯ ಅಕ್ಕಿ ನೋಡಿದರು. "ಮುಂದಿನ ಬಂಡಿ," ಎಂದರು.

ಚೀಲ ಇಳಿಸಿದ ಮೇಲೆ ಚೌಡವ್ವ ನನ್ನನ್ನು ಎತ್ತಿನ ಮರೆಗೆ ಕರೆದಳು. "ಹೆಂಗ ನೆಟ್ಟಗಾದ್ವು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತನ್ನ ತುಟಿ ಎಳೆದು ತೋರಿಸಿದಳು. ಸುಟ್ಟ ತಂಬಾಕಿನ ಪುಡಿ ತಿಕ್ಕಿ ತಿಕ್ಕಿ ಕರ್ರಗಾದ ಹಲ್ಲು, ಬಾತ ವಸಡು. ನನ್ನವೇ, ಇನ್ನೊಬ್ಬರ ಬಾಯಿಯಲ್ಲಿ.

"ಮೂರು ವರ್ಷ ಆತು. ಯಾರಿಗೂ ಹೇಳಿಲ್ಲ. ನನಗ ಭಾಳ ಅಂಜಿಕಿ."

"ಬೇಸ್ತವಾರ ಹೋಗೂಣು," ಎಂದೆ. ಸುಗ್ಗಿಯಲ್ಲಿ ರಜೆ ಕೇಳಿದ್ದಕ್ಕೆ ಸಾವುಕಾರರು ಏನೆಂದರು ಎಂಬುದನ್ನು ಡೈರಿಯ ಮರ್ಯಾದೆಗಾಗಿ ಬಿಟ್ಟಿದ್ದೇನೆ. ರಜೆ ಸಿಕ್ಕಿತು.

೧೭ ಡಿಸೆಂಬರ್, ಗುರುವಾರ

ಬಸ್ಸಿನಲ್ಲಿ ಚೌಡವ್ವ ಶಿಗ್ಗಾಂವಿಯ ತನಕ ಸೆರಗಿನ ತುದಿ ಹಿಂಡುತ್ತ ಬಂದಳು. ಗೋದಾಮಿನ ಬಾಗಿಲಲ್ಲಿ ಕಾಲು ಕಿತ್ತಿಡಲಿಲ್ಲ.

"ನೋಯತೈತೇನೋ ಹುಚ್ಚಪ್ಪ? ಖರೆ ಹೇಳು."

"ನೋಯತೈತಿ, ಅಲ್ಲಲ್ಲಿ. ಎಲ್ಲಿ ಅಂತ ಅವರು ಮೊದಲ ಹೇಳ್ತಾರ. ನೀ ಕೈ ಎತ್ತಿದ್ರ ನಿಲ್ಲಸ್ತಾರ. ನಾ ಮೊದಲ ದಿನ ಹನ್ನೊಂದು ಸಲ ಎತ್ತೇನಿ."

"ಹನ್ನೊಂದು!" ಎಂದಳು. ಅವಳ ಮುಖ ಸ್ವಲ್ಪ ಹಗುರಾಯಿತು. ಒಳಗೆ ಹೋದಳು.

ಹಾಜರಾಬಿ ಆಕೆಯನ್ನು ಕುರ್ಚಿಯ ಮೇಲೆ ಒರಗಿಸಿ, ಕಾಲ ಕೆಳಗೆ ಒಂದು ಪೆಟ್ಟಿಗೆ ಇಟ್ಟು, ಎಣ್ಣೆ ಹಚ್ಚಿ, ಮುಲಾಮು ಸವರಿದಳು. ಅದು ಹಿಡಿಯಲು ಐದು ನಿಮಿಷ ಬೇಕು. ಡಾಕ್ಟರರು ಕೈ ತೊಳೆಯಲು ಹೋದರು. ಬಂದು ಕೊಕ್ಕಿ ಹಿಡಿದು ಬಗ್ಗಿದವರು ಹಾಗೇ ನಿಂತರು.

"ಹುಚ್ಚಪ್ಪ, ಇವರಿಗೆ ಬ್ರೋಮೈಡ ಕುಡಿಸಿ ಕರಕೊಂಡು ಬಂದೀರೇನು?"

"ಇಲ್ರಿ. ನೀರೂ ಕುಡಿದಿಲ್ಲ."

ಚೌಡವ್ವ ಗೊರಕೆ ಹೊಡೆಯುತ್ತಿದ್ದಳು. ಅಂಗೈ ಎರಡೂ ಮೇಲಕ್ಕೆ ತೆರೆದು ತೊಡೆಯ ಮೇಲೆ ಬಿದ್ದಿದ್ದವು, ಸುಗ್ಗಿಯ ಕುಡುಗೋಲಿನ ಗುರುತುಗಳ ಸಮೇತ.

"ಎಬ್ಬಸೂಣೇನ್ರಿ?" ಹಾಜರಾಬಿ ಪಿಸುಗುಟ್ಟಿದಳು.

"ಬ್ಯಾಡ," ಎಂದರು ಗುದ್ಲೆಪ್ಪನವರು, ಅವರೂ ಪಿಸುಮಾತಿನಲ್ಲಿಯೇ. "ಈ ಹೆಣ್ಮಗಳನ್ನ ಹಗಲು ಹೊತ್ತಿನ್ಯಾಗ ಯಾರರ 'ಅಡ್ಡ ಆಗವ್ವ' ಅಂತ ಅಂದು ಎಷ್ಟು ವರ್ಷ ಆಗೈತೋ."

ಮುಲಾಮಿನ ಜೋಮು ಬಂದು ಹೋಯಿತು, ಮತ್ತೆ ಹಚ್ಚಬೇಕಾಗುತ್ತದೆ. ಇನ್ನಿಬ್ಬರು ಬಂದರು, ಅವರನ್ನು ಡಾಕ್ಟರರು ಹೊರಗಿನ ಬಾಕಿನ ಮೇಲೆ ಕೂರಿಸಿ ಬಾಯಿ ನೋಡಿದರು. ನಾನು ಕುರ್ಚಿಯ ಪಕ್ಕದಲ್ಲಿ ನೊಣ ಓಡಿಸುತ್ತ ಕುಳಿತೆ. ನಮ್ಮನ್ನು ಊರಿಗೆ ಮುಟ್ಟಿಸಬೇಕಾದ ಮೂರೂವರೆಯ ಬಸ್ಸು ಬಂದು ಬಾಗಿಲ ಎದುರಿಗೇ ನಿಂತಿತು. ಹಾಜರಾಬಿ ಸೆರಗು ಸರಿಮಾಡಿಕೊಂಡು ಬೀದಿಗೆ ಹೋಗಿ, "ಒಳಗ ಒಬ್ಬಾಕಿ ಮಲಗ್ಯಾಳ, ಹಾರ್ನ್ ಹೊಡಿಬ್ಯಾಡ್ರಿ" ಎಂದು ಡ್ರೈವರನಿಗೆ ಹೇಳಿ ಬಂದಳು. ಅವನು ಹೊಡೆಯಲಿಲ್ಲ.